ಉಸ್ತಾದರನ್ನು ಎತ್ತುವ ದಿನ

ಒಂದಾನೊಂದು ಕಾಲದಲ್ಲಿ ಭೂಮಿಯ ಹೊಟ್ಟೆಯೊಳಗೆ, ಏಳು ಸಾವಿರ ಅಡಿ ಕೆಳಗೆ, ಒಂದು ಕಿವಿ ಇತ್ತು. ಅದು ಮನುಷ್ಯರ ಮಾತು ಕೇಳುವ ಕಿವಿಯಲ್ಲ. ನಕ್ಷತ್ರಗಳ ನಡುವಿನ ಕತ್ತಲೆಯಿಂದ ಹೊರಟು, ಬೆಟ್ಟವನ್ನೂ ಸಮುದ್ರವನ್ನೂ ಮಲಗಿದ ಮಗುವನ್ನೂ ಹಾದು, ಯಾರಿಗೂ ತಾಗದೆ ಹೋಗಿಬಿಡುವ ಒಂದು ಕಣದ ಹೆಜ್ಜೆ ಸಪ್ಪಳಕ್ಕೆ ಅದು ಕಾಯುತ್ತಿತ್ತು. ಕಿವಿಯನ್ನು ನೋಡಿಕೊಳ್ಳುವ ಜನ ದಿನವೂ ಒಂದು ಕಬ್ಬಿಣದ ಪಂಜರದಲ್ಲಿ ನಿಂತು ಪಾತಾಳಕ್ಕೆ ಇಳಿಯುತ್ತಿದ್ದರು, ಸಂಜೆ ಏರಿ ಬರುತ್ತಿದ್ದರು. ಪಂಜರ ಒಂದು ಹಗ್ಗಕ್ಕೆ ತೂಗುತ್ತಿತ್ತು. ಹಗ್ಗ ಒಬ್ಬಳ ಕೈಯಲ್ಲಿತ್ತು. ಅವಳ ಹೆಸರು ಹುಲಿಗೆಮ್ಮ.

ಆ ಕಾಲ ಹಿಂದೆ ಆಗಿಹೋದದ್ದಲ್ಲ, ಮುಂದೆ ಬರುವಂಥದು. ಊರು ಹಿರೇಹೊನ್ನಿ. ಒಂದು ಕಾಲಕ್ಕೆ ಅಲ್ಲಿ ಚಿನ್ನ ಸಿಗುತ್ತಿತ್ತು. ಚಿನ್ನ ಮುಗಿಯಿತು, ತೂತು ಉಳಿಯಿತು. ಅಷ್ಟು ಆಳದ ತೂತು ಹತ್ತಿರದಲ್ಲಿ ಬೇರೆಲ್ಲೂ ಇಲ್ಲವೆಂದು ವಿಜ್ಞಾನಿಗಳು ಬಂದು ಅದರ ತಳದಲ್ಲಿ ಕಿವಿ ಇಟ್ಟರು. ಚಿನ್ನದ ಕಾಲದ ಹಳೆಯ ಯಂತ್ರವನ್ನೇ ಉಳಿಸಿಕೊಂಡರು: ಎರಡಾಳೆತ್ತರದ ಒಂದು ಡ್ರಮ್ಮು, ಅದಕ್ಕೆ ಸುತ್ತಿದ ಮಣಿಕಟ್ಟಿನಷ್ಟು ದಪ್ಪದ ಉಕ್ಕಿನ ಹಗ್ಗ, ಮುಂದೆ ಒಂದು ಕುರ್ಚಿ, ಕುರ್ಚಿಯ ಎಡಕ್ಕೆ ಬ್ರೇಕು, ಬಲಕ್ಕೆ ಲಿವರು. ಲಿವರು ಹಿಡಿದವರನ್ನು ಊರಿನಲ್ಲಿ ಡ್ರೈವರ್ ಎನ್ನುತ್ತಿದ್ದರು. ಪಂಜರಕ್ಕೆ ಕೇಜು, ತೂತಿಗೆ ಶಾಫ್ಟು ಎನ್ನುತ್ತಿದ್ದರು.

ಹುಲಿಗೆಮ್ಮನ ಬಲಗೈಗೆ ಮೊಣಕೈಯಿಂದ ಬೆರಳ ತುದಿಯವರೆಗೆ ತೆಳುವಾದ ಬೂದುಬಣ್ಣದ ಒಂದು ಪಟ್ಟಿ ಅಂಟಿಕೊಂಡಿತ್ತು. ಅದರ ಹೆಸರು ಒತ್ತಾಸೆ.

ಒತ್ತಾಸೆ ಮಾಡಿದವಳು ಆ ಪ್ರಯೋಗಾಲಯದ ಇಂಜಿನಿಯರ್ ಮೃಡಾನಿ. ಪಟ್ಟಿಯೊಳಗೆ ಕೂದಲಿಗಿಂತ ಸಣ್ಣ ಎಳೆಗಳಿದ್ದವು. ಸ್ನಾಯುವಿನಂತೆ ಬಿಗಿಯುತ್ತಿದ್ದವು, ಸಡಿಲವಾಗುತ್ತಿದ್ದವು. ಶಾಫ್ಟಿನ ಗೋಡೆಯುದ್ದಕ್ಕೂ ನೂರು ಅಡಿಗೊಂದರಂತೆ ಇಟ್ಟ ಪುಟ್ಟ ವಿದ್ಯುತ್ ಗುಂಡಿಗಳು ಕೇಜು ಎಲ್ಲಿದೆ, ಎಷ್ಟು ವೇಗದಲ್ಲಿದೆ ಎಂದು ಪಟ್ಟಿಗೆ ಹೇಳುತ್ತಿದ್ದವು. ಹೊಸದಾಗಿ ಬಂದವರ ಕೈಯನ್ನು ಒತ್ತಾಸೆ ತಾನೇ ಹಿಡಿದು ನಡೆಸುತ್ತಿತ್ತು, ಅಪ್ಪ ಮಗಳ ಕೈ ಹಿಡಿದು ಸೈಕಲ್ಲಿನ ಹಿಂದೆ ಓಡುವಂತೆ. ಕೈ ಕಲಿತಷ್ಟೂ ಅದು ತನ್ನ ಎಳೆಗಳನ್ನು ಒಂದೊಂದಾಗಿ ಮಲಗಿಸುತ್ತಿತ್ತು. ಎಳೆತ ಹೋಗಿ ಒತ್ತು, ಒತ್ತು ಹೋಗಿ ಜುಮ್ಮೆನ್ನುವ ಒಂದು ಸುಳಿವು, ಕೊನೆಗೆ ಅದೂ ಇಲ್ಲ. ಮಣಿಕಟ್ಟಿನ ಮೇಲೆ ಒಂದು ಅಂಕಿ ಹೊಳೆಯುತ್ತಿತ್ತು. ನೂರರಿಂದ ಶುರುವಾಗಿ ಇಳಿಯುತ್ತಾ ಇಳಿಯುತ್ತಾ ಸೊನ್ನೆಗೆ ಬಂದರೆ ಕಲಿಕೆ ಮುಗಿಯಿತು ಎಂದರ್ಥ.

ಪ್ರಯೋಗಾಲಯದಿಂದ ಅದು ಊರಿಗೆ ಹಬ್ಬಿತು. ಶಾಲೆಯ ಮಕ್ಕಳಿಗೆ ಅಕ್ಷರಕ್ಕೆ, ಬಡಿಗೇರ ಮನೆಯಲ್ಲಿ ಉಳಿಗೆ, ಹೊಸ ಸೊಸೆಯಂದಿರಿಗೆ ರೊಟ್ಟಿಗೆ. ಯಾರದಾದರೂ ಅಂಕಿ ಸೊನ್ನೆಯಾದರೆ ಮನೆಯವರು ಓಣಿಗೆಲ್ಲಾ ಪೇಡೆ ಹಂಚುತ್ತಿದ್ದರು. ಕನ್ಯೆ ನೋಡಲು ಬಂದವರು "ಹುಡುಗಿಗೆ ಎಷ್ಟರಾಗ ಸೊನ್ನಿ ಆಗೇತ್ರಿ?" ಎಂದು ಕೇಳುವುದು ರೂಢಿಯಾಯಿತು. ಆದರೆ ಸೊನ್ನೆಯಾದ ಮೇಲೆ ಪಟ್ಟಿಯನ್ನು ಬಿಚ್ಚಿಟ್ಟವರು ಹಿರೇಹೊನ್ನಿಯಲ್ಲಿ ಒಬ್ಬರೂ ಇರಲಿಲ್ಲ. ಸೊನ್ನೆ ಹೊಳೆಯುವ ಕೈ ನೋಡಲು ಚಂದ. ಬಿಚ್ಚಿಡು ಎಂದು ಯಾರೂ ಹೇಳಲೂ ಇಲ್ಲ.

ಬರೀ ಒಬ್ಬರು ಹೇಳುತ್ತಿದ್ದರು. ರಜಾಕಸಾಬರು.

ಅವರು ಹುಲಿಗೆಮ್ಮನಿಗೆ ಕೆಲಸ ಕಲಿಸಿದ ಉಸ್ತಾದರು. ನಲವತ್ತು ವರ್ಷ ಅದೇ ಕುರ್ಚಿಯಲ್ಲಿ ಕೂತವರು, ಒತ್ತಾಸೆ ಹುಟ್ಟುವ ಮೊದಲೇ ಕಲಿತವರು. ಹಿರೇಹೊನ್ನಿಯ ಡ್ರೈವರುಗಳಲ್ಲಿ ಚಿನ್ನದ ಕಾಲದಿಂದ ಬಂದ ಒಂದು ಕಟ್ಟಳೆ ಇತ್ತು. ಶಿಷ್ಯ ಎಷ್ಟೇ ಕಲಿತಿರಲಿ, ತನ್ನ ಉಸ್ತಾದನನ್ನು ತಳದಿಂದ ತನ್ನ ಕೈಯಾರೆ ಎತ್ತುವವರೆಗೆ ಅವನು ಡ್ರೈವರ್ ಅಲ್ಲ. ಒತ್ತಾಸೆ ಬಂದಮೇಲೆ ಹನ್ನೆರಡು ವರ್ಷಗಳಲ್ಲಿ ರಜಾಕಸಾಬರು ಯಾವ ಶಿಷ್ಯನ ಕೇಜಿನಲ್ಲೂ ಹಾಗೆ ನಿಂತಿರಲಿಲ್ಲ. "ನನ್ನ ಎತ್ತೂದು ಆ ಪಟ್ಟಿ. ನಾ ಪಟ್ಟಿಗಿ ಉಸ್ತಾದ ಅಲ್ಲಪಾ" ಎಂದು ಕೈ ಝಾಡಿಸಿಬಿಡುತ್ತಿದ್ದರು.

ಎರಡು ವರ್ಷದ ಹಿಂದೆ, ಸೊನ್ನೆಯಾದ ದಿನ, ಹುಲಿಗೆಮ್ಮ ಪೇಡೆಯ ಡಬ್ಬಿ ಹಿಡಿದುಕೊಂಡು ಅವರ ಮುಂದೆ ನಿಂತಿದ್ದಳು.

"ಉಸ್ತಾದ್ರೀ, ನಿಮ್ಮನ್ನ ನಾ ಎತ್ತತೀನ್ರಿ. ಪಟ್ಟಿ ಬಿಚ್ಚಿಟ್ಟು."

"ಯಾವಾಗ?"

"ನೀವು ರಿಟೈರ್ ಆಗೂದರೊಳಗ."

"ಮಾತು ಕೊಟ್ಟಿ ನೋಡು."

"ಕೊಟ್ಟೀನ್ರಿ."

ಅವರು ಪೇಡೆ ಮುರಿದು ಅರ್ಧ ತಿಂದು, ಅರ್ಧ ಅವಳ ಕೈಗೇ ಇಟ್ಟಿದ್ದರು.

ಈಗ ರಜಾಕಸಾಬರ ರಿಟೈರ್‌ಮೆಂಟಿಗೆ ಇಪ್ಪತ್ತು ದಿನ ಉಳಿದಿತ್ತು. ಅದಕ್ಕಿಂತ ದೊಡ್ಡ ಗಡುವು ಇನ್ನೊಂದಿತ್ತು. ಲೆಕ್ಕದ ಪ್ರಕಾರ ಆರು ದಿನಗಳ ನಂತರ ಭೂಮಿ ಆ ಕಾಣದ ಕಣಗಳ ಒಂದು ದಟ್ಟವಾದ ಹೊಳೆಯನ್ನು ಹಾದುಹೋಗಲಿತ್ತು. ಹನ್ನೊಂದು ದಿನ ಹಾಯುವುದು, ಮತ್ತೆ ಅಂಥ ಹೊಳೆ ಸಿಗುವುದು ನಲವತ್ಮೂರು ವರ್ಷಕ್ಕೆ. ಕಿವಿಗೆ ಕೇಳಬೇಕೆಂದರೆ ಆ ಹನ್ನೊಂದು ದಿನ ಶಾಫ್ಟಿನಲ್ಲಿ ವಿದ್ಯುತ್ತಿನ ಒಂದು ಪಿಸುಮಾತೂ ಇರಕೂಡದು. ಫೋನಿಲ್ಲ, ಗೋಡೆಯ ಗುಂಡಿಗಳಿಲ್ಲ. ಗುಂಡಿಗಳಿಲ್ಲದಿದ್ದರೆ ಒತ್ತಾಸೆ ಕುರುಡು. ಉಳಿಯುವುದು ಕುರ್ಚಿಯೆದುರಿನ ಆಳ ತೋರಿಸುವ ಮುಳ್ಳು, ಕೇಜು ಬಾಯಿಗೆ ಸರಿಯಾಗಿ ನಿಲ್ಲುವ ಗುರುತಾಗಿ ಡ್ರಮ್ಮಿನ ಮೇಲೆ ಬಳಿದ ಸುಣ್ಣದ ಗೆರೆ, ಮತ್ತು ಕೇಜಿನಿಂದ ಕೈಯಲ್ಲಿ ಎಳೆಯುವ ತಂತಿಯ ಗಂಟೆ. ಒಂದು ಸಲ ಬಾರಿಸಿದರೆ ನಿಲ್ಲಿಸು. ಎರಡು ಸಲ, ಇಳಿಸು. ಮೂರು ಸಲ, ಒಳಗೆ ಮನುಷ್ಯರಿದ್ದಾರೆ, ಎತ್ತು.

ಯಾರಿಗೂ ಚಿಂತೆ ಇರಲಿಲ್ಲ. ನಾಲ್ಕು ಜನ ಡ್ರೈವರುಗಳ ಕೈಯಲ್ಲೂ ಸೊನ್ನೆ ಹೊಳೆಯುತ್ತಿತ್ತು.

ಪರೀಕ್ಷೆಗೆಂದು ಅಂದು ಮಧ್ಯಾಹ್ನ ಗುಂಡಿಗಳನ್ನು ಆರಿಸಿ, ಖಾಲಿ ಕೇಜನ್ನು ತಳದಲ್ಲಿಟ್ಟರು. ಮೊದಲ ಸರದಿ ಹುಲಿಗೆಮ್ಮನದು. ಪಟ್ಟಿ ಬಿಚ್ಚಿದ ತೋಳು ಬಿಸಿಲು ಕಾಣದ ಎಲೆಯಂತೆ ಬಿಳಿಚಿಕೊಂಡಿತ್ತು. ರಜಾಕಸಾಬರು ಪಕ್ಕದ ಸ್ಟೂಲಿನಲ್ಲಿ ಕೂತಿದ್ದರು. ಮೃಡಾನಿ ಬಾಗಿಲಲ್ಲಿ ನಿಂತಿದ್ದಳು.

ಹುಲಿಗೆಮ್ಮ ಲಿವರು ಎಳೆದಳು. ಡ್ರಮ್ಮು ತಿರುಗಿತು. ಐದು ಸಾವಿರ ಅಡಿ ಏರುವವರೆಗೆ ಎಲ್ಲವೂ ದಿನದಂತೆಯೇ ಇತ್ತು. ಆಮೇಲೆ ವೇಗ ಇಳಿಸಬೇಕಾದ ಗಳಿಗೆ ಬಂತು. ಈಗಲೋ, ಇನ್ನೊಂದು ಚಣಕ್ಕೋ? ಅವಳ ಕೈ ಏನನ್ನೋ ಕಾಯುತ್ತಾ ನಿಂತಿತು. ಏನನ್ನು ಎಂದು ಅವಳಿಗೂ ತಿಳಿಯಲಿಲ್ಲ. ಬೆವರು ಬಂದು ಲಿವರು ಜಾರಿತು. ಹೆದರಿ ಬ್ರೇಕು ಒತ್ತಿದಳು. ಕೇಜು ಶಾಫ್ಟಿನ ಬಾಯಿಗಿಂತ ನೂರು ಅಡಿ ಕೆಳಗೇ ನಿಂತುಬಿಟ್ಟಿತು. ಮತ್ತೆ ಎಳೆದಳು. ಈ ಸಲ ಸುಣ್ಣದ ಗೆರೆ ಕಣ್ಣೆದುರೇ ದಾಟಿ ಹೋಯಿತು, ಕೈ ಏಳಲಿಲ್ಲ. ಮೇಲೆ ಕಂಬದ ತುದಿಯಲ್ಲಿದ್ದ ರಕ್ಷಣೆಯ ಕೊಂಡಿ ಹಗ್ಗವನ್ನು ಕಚ್ಚಿ ಹಿಡಿದ ಸದ್ದು ಯಂತ್ರವಿದ್ದ ವೈಂಡರ್ ಮನೆಯ ತಗಡುಗಳನ್ನೆಲ್ಲಾ ನಡುಗಿಸಿತು. ಖಾಲಿ ಕೇಜು ಗಾಳಿಯಲ್ಲಿ ತೂಗಾಡಿತು.

ಶಾಫ್ಟಿನ ಬಾಯಲ್ಲಿ ಗೇಟು ಕಾಯುವ ಯಂಕೋಬ ಓಡಿ ಬಂದು ಕಿಟಕಿಯಲ್ಲಿ ಮುಖ ಹಾಕಿದ. "ಏನಕ್ಕಾ, ಕೇಜು ಮುಗಲಿಗಿ ಹೊಂಟಿತ್ತಲ್ಲ!"

"ಬಾಯಿ ಮುಚ್ಚಲೇ" ಎಂದರು ರಜಾಕಸಾಬರು.

ಉಳಿದ ಮೂವರದೂ ಹೀಗೇ ಆಯಿತು. ಒಬ್ಬ ನಡುವೆಯೇ ಕುರ್ಚಿ ಬಿಟ್ಟು ಎದ್ದುಬಿಟ್ಟ.

"ಸೊನ್ನೆ ಅಂದ್ರ ಸೊನ್ನೆ" ಎಂದಳು ಮೃಡಾನಿ, ತನಗೆ ತಾನೇ ಹೇಳಿಕೊಳ್ಳುವಂತೆ. "ಎರಡು ವರ್ಷದಿಂದ ನಿಮ್ಮ ಕೈಗೆ ಅದು ಒಂದು ಎಳೆಯಷ್ಟೂ ಸಹಾಯ ಮಾಡಿಲ್ಲ ಹುಲಿಗೆಮ್ಮ. ದಿನಾ ನಾನೇ ನೋಡೀನಿ. ಎಲ್ಲಾ ನೀವೇ ಮಾಡೀರಿ. ಹಂಗಾದ್ರ ಇವತ್ತು ಏನಾತು?"

ಹುಲಿಗೆಮ್ಮ ಉಸ್ತಾದರ ಕಡೆ ನೋಡಿದಳು. ಅವರು ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಳ್ಳುತ್ತಿದ್ದರು. ಕಪ್ಪಿನ ಅಂಚು ಬಸಿಗೆ ತಾಗಿ ಟಕಟಕ ಎಂದಿತು. ಅವರು ಚಟ್ಟನೆ ಅದನ್ನು ಕೆಳಗಿಟ್ಟು ಬಲಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡರು.

"ಈ ಹನ್ನೊಂದು ದಿನ ರಜಾಕಸಾಬ್ರೇ ಕೂತರಾತು" ಎಂದಳು ಮೃಡಾನಿ.

"ಹೂಂ" ಎಂದರು ಅವರು.

ಹೊರಗೆ ಬಂದ ಮೇಲೆ ಹುಲಿಗೆಮ್ಮ ಅವರ ಹಿಂದೆಯೇ ನಡೆದಳು. "ಉಸ್ತಾದ್ರೀ, ಕೈ ಯಾವಾಗಿನಿಂದ ನಡಗತೈತ್ರಿ?"

"ನೋಡಿದೇನು?" ಅವರು ನಿಂತರು. "ಹೋದ ಶ್ರಾವಣದಿಂದ. ಯಾರಿಗೂ ಹೇಳಬ್ಯಾಡ. ಅಲ್ಲ, ಹೇಳಬೇಕಾಗತೈತಿ. ಇಂಥಾ ಕೈಲಿ ನಾ ಜೀವಾ ಎತ್ತಾಂಗಿಲ್ಲ ಮಗಳ. ನೀ ಎತ್ತಲಿಲ್ಲ ಅಂದ್ರ ಯಾರೂ ಇಳಿಯಾಂಗಿಲ್ಲ. ಅಷ್ಟ."

ಮನೆಯಲ್ಲಿ ಅವ್ವ ಅಮರಮ್ಮ ಕುಪ್ಪಸ ಹೊಲಿಯುತ್ತಿದ್ದಳು. ಗಂಡ ತೀರಿದ ಮೇಲೆ ನಲವತ್ತೈದನೇ ವಯಸ್ಸಿನಲ್ಲಿ ಒತ್ತಾಸೆ ಕಟ್ಟಿಕೊಂಡು ಕತ್ತರಿ ಹಿಡಿದವಳು. ಈಗ ಅವಳದೂ ಸೊನ್ನೆ. ಮದುವೆಯ ಖಣವೆಂದರೆ ಓಣಿಯವರೆಲ್ಲಾ ಅಮರಮ್ಮನ ಕೈಗೇ ಕೊಡುತ್ತಿದ್ದರು. ಚಾಪೆಯ ಮೇಲೆ ಹಸಿರು ಖಣ ಹರಡಿತ್ತು, ಅದರ ಮೇಲೆ ಸೀಮೆಸುಣ್ಣದ ಗೆರೆ.

"ಉಣ್ಣವಲ್ಲಿ ಯಾಕ? ಮಾರಿ ನೋಡು, ಮಜ್ಜಿಗಿ ಆಗೇತಿ."

ಹುಲಿಗೆಮ್ಮ ಎಲ್ಲವನ್ನೂ ಹೇಳಿದಳು. ಅಮರಮ್ಮ ನಕ್ಕಳು. "ಅದರಾಗೇನೈತಿ? ನಂದೂ ಸೊನ್ನೀನ. ಬಿಚ್ಚಿದ್ರ ಕೈ ಬಿದ್ದು ಹೋಗತೈತೇನು? ನೋಡ ಇಲ್ಲಿ." ಮಣಿಕಟ್ಟಿನ ಗುಂಡಿ ಬಿಚ್ಚಿ ಪಟ್ಟಿಯನ್ನು ಸುಲಿದು ಬದಿಗೆಸೆದಳು. ಕತ್ತರಿ ಎತ್ತಿದಳು. ಖಣದ ಅಂಚಿಗೆ ತಂದಳು.

ಕತ್ತರಿ ಅಲ್ಲಿಯೇ ನಿಂತಿತು.

ಅಮರಮ್ಮ ಗೆರೆಯನ್ನು ನೋಡಿದಳು. ಕತ್ತರಿಯನ್ನು ತುಸು ಎಡಕ್ಕೆ ಸರಿಸಿದಳು, ಮತ್ತೆ ಬಲಕ್ಕೆ. ನಗು ಮುಖದಲ್ಲೇ ಒಣಗಿತು. "ಇದು... ತಡಿ. ತಡಿ ಯವ್ವ." ಕತ್ತರಿಯ ಬಾಯಿ ತೆರೆದೇ ಇತ್ತು. "ಗೆರಿ ಸರಿ ಐತೋ ಇಲ್ಲೋ ಗೊತ್ತಾಗವಲ್ದು."

"ನೀನೇ ಹಾಕಿದ ಗೆರಿ ಅಲ್ಲೇನು?"

"ಹೌದು. ಆದ್ರ ತಪ್ಪು ಹಾದಿಗಿ ಹೊಂಟಿದ್ರ ಅದು ಜುಮ್ಮ್ ಅಂತಿತ್ತು. ಸುಮ್ನ ಇತ್ತಂದ್ರ, ಸರಿ ಐತಿ ನಡಿ ಅಂದಂಗ. ಈಗೂ ಸುಮ್ನ ಐತಿ. ಆದ್ರ ಇದು ಆ ಸುಮ್ಮನ ಅಲ್ಲ."

ಹುಲಿಗೆಮ್ಮ ಚಾಪೆಯ ಮೇಲೆ ಧೊಪ್ಪನೆ ಕೂತಳು. ಎರಡು ವರ್ಷ ಅವಳ ಕೈ ಲಿವರಿನ ಮೇಲೆ ಕಾಯುತ್ತಿದ್ದದ್ದು ಇದನ್ನೇ. ಒತ್ತಾಸೆ ಏನನ್ನೂ ಮಾಡುತ್ತಿರಲಿಲ್ಲ, ನಿಜ. ಆದರೆ ಏನನ್ನೂ ಮಾಡದಿರುವುದರ ಮೂಲಕವೇ ಅದು ಪ್ರತಿ ಚಣವೂ ಅವಳಿಗೆ ಹೂಂಗುಡುತ್ತಿತ್ತು. ಅವಳು ಒಮ್ಮೆಯೂ ತಾನಾಗಿ ತೀರ್ಮಾನಿಸಿರಲಿಲ್ಲ. ಕೇಳುತ್ತಿದ್ದಳು, ಅದು ತಡೆಯುತ್ತಿರಲಿಲ್ಲ, ಅವಳು ಮುಂದುವರಿಯುತ್ತಿದ್ದಳು.

"ಯವ್ವಾ, ಪಟ್ಟಿ ಕಟ್ಟಿಗೊ. ಖಣ ಕೆಡತೈತಿ."

"ಖಣ ಇರಲಿ." ಅಮರಮ್ಮ ಹಳೆಯ ಲಂಗವೊಂದನ್ನು ಎಳೆದುಕೊಂಡು ಮೊಣಕಾಲ ಮೇಲೆ ಹರಡಿದಳು. ಮುಖ ಕೆಂಪಾಗಿತ್ತು. "ಐದು ವರ್ಷ ನಂದು ಅನಕೊಂಡು ಯಾರದ್ದೋ ಕೈಲಿ ಹೊಲದೀನಲ್ಲ. ಇದನ್ನ ಹರದು ಹರದು ಕಲೀತೀನಿ. ನೀ ಹೋಗಿ ಆ ಮೇಡಮ್ಮಗ ಹೇಳು."

ಮರುದಿನ ಬೆಳಿಗ್ಗೆ ಪ್ರಯೋಗಾಲಯದ ಕೋಣೆಯಲ್ಲಿ ಮೃಡಾನಿ ಅದನ್ನು ಕೇಳಿ ಒತ್ತಾಸೆಗಳ ದಾಖಲೆಯನ್ನು ಪರದೆಯ ಮೇಲೆ ತೆರೆದಳು. ಗೆರೆಗಳೆಲ್ಲಾ ಚಪ್ಪಟೆಯಾಗಿ ಸೊನ್ನೆಯ ಮೇಲೆ ಮಲಗಿದ್ದವು. ಹನ್ನೆರಡು ವರ್ಷ ಆ ಚಪ್ಪಟೆ ಗೆರೆಗಳನ್ನು ನೋಡಿ ಅವಳು ಸಂತೋಷಪಟ್ಟಿದ್ದಳು.

"ನಾ ಎಳೆ ಎಣಿಸೀನಿ" ಎಂದಳು. "ಮೌನಾನ ಎಣಿಸಿಲ್ಲ."

"ಮೇಡಮ್ಮಾರ, ಒಂದು ಮಾಡ್ರಿ. ಅದು ಆಗಾಗ ಕಣ್ಣು ಮುಚ್ಚಲಿ. ತಪ್ಪು ಮಾಡಿದ್ರೂ ಸುಮ್ಮನಿರಲಿ, ಒಮ್ಮೊಮ್ಮಿ. ಯಾವಾಗ ಅಂತ ನನಗ ಹೇಳಬ್ಯಾಡ್ರಿ."

"ತಪ್ಪಾದ್ರ?"

"ಖಾಲಿ ಕೇಜು. ಏನ್ ಆಗತೈತಿ, ಕೊಂಡಿ ಕಚ್ಚತೈತಿ. ಯಂಕೋಬ ನಗತಾನ."

ಮೃಡಾನಿ ಅಂದೆಲ್ಲಾ ಕೂತು ಒತ್ತಾಸೆಯ ಎಚ್ಚರಕ್ಕೆ ಮರೆವು ತುಂಬಿದಳು. ಮೊದಲ ದಿನ ಹತ್ತರಲ್ಲಿ ಎರಡು ಸಲ ಅದು ಸುಮ್ಮನೆ ಮರೆಯಿತು. ಎರಡನೆಯ ದಿನ ಐದು ಸಲ. ಮೂರನೆಯ ದಿನ ಎಂಟು. ಅದರ ಮೌನಕ್ಕೆ ಈಗ ಅರ್ಥ ಉಳಿಯಲಿಲ್ಲ. ಹುಲಿಗೆಮ್ಮ ಬೇರೆ ಕಡೆ ಕಿವಿಗೊಡಬೇಕಾಯಿತು. ಏಳು ಸಾವಿರ ಅಡಿಯ ಹಗ್ಗ ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ. ಕೇಜು ಮೇಲೆ ಬಂದಂತೆ ಹಗ್ಗ ಹಗುರಾಗಿ ಡ್ರಮ್ಮಿನ ದನಿ ತೆಳ್ಳಗಾಗುತ್ತದೆ. ಆ ದನಿ ಎರಡು ವರ್ಷ ಅವಳ ಪಕ್ಕದಲ್ಲೇ ಇತ್ತು, ಅವಳು ಕೇಳಿರಲಿಲ್ಲ. ಕೊಂಡಿ ಎಂಟು ಸಲ ಕಚ್ಚಿತು. ಯಂಕೋಬ ನಕ್ಕ, ಆಮೇಲೆ ನಗುವುದನ್ನು ಬಿಟ್ಟ. ಉಳಿದ ಮೂವರು ಡ್ರೈವರುಗಳು ಕಿಟಕಿಯಲ್ಲಿ ನಿಂತು ನೋಡಿದರು. ಇವಳಿಗೆ ಬಂದರೆ ನಮಗೂ ಬರುತ್ತದೆ ಎನ್ನುವಂತೆ.

ನಾಲ್ಕನೆಯ ದಿನ ಪಟ್ಟಿ ಬಿಚ್ಚಿಟ್ಟೇ ಖಾಲಿ ಕೇಜನ್ನು ಏಳು ಸಲ ತಂದು ಗೆರೆಗೆ ನಿಲ್ಲಿಸಿದಳು. ಏಳನೆಯ ಸಲ ರಜಾಕಸಾಬರು ಸ್ಟೂಲಿನಿಂದ ಎದ್ದರು.

"ಚಲೋ ಆತೇನ್ರಿ?" ಎಂದಳು.

"ಆಗಲಿಲ್ಲ."

"ಯಾಕ್ರಿ? ಗೆರಿಗೇ ನಿಂತೈತಲ್ರೀ!"

"ನಿಂತೈತಿ. ನಿಲ್ಲಸೂಕಿಂತ ಮೊದಲ ನನ್ನ ಕಡೆ ನೋಡೀದಿ. ಏಳೂ ಸಲ. ನಾ ಕೆಮ್ಮಲಿಲ್ಲ, ನೀ ಬ್ರೇಕ್ ಹಾಕೀದಿ." ಅವರು ಸ್ಟೂಲನ್ನು ಎತ್ತಿ ಹೊರಗಿಟ್ಟರು. "ಈಗ ಆ ಪಟ್ಟಿ ನಾ ಆಗೀನಿ. ನಾಳಿ ಮುಂಜಾನೆ ಇಳಿಯೋರ ಜೋಡಿ ನಾನೂ ಇಳೀತೀನಿ. ಸಂಜಿಗಿ ನೀ ಎತ್ತು."

"ಇನ್ನೆರಡು ದಿನ ಇರ್ರಿ ಉಸ್ತಾದ್ರೀ."

"ಇನ್ನೆರಡು ದಿನಾನೂ ನೀ ನನ್ನ ಮಾರೀನ ನೋಡ್ತಿ."

ಮರುದಿನವೇ ಹನ್ನೊಂದು ದಿನಗಳ ಮೊದಲ ದಿನ. ಬೆಳಿಗ್ಗೆ ಗುಂಡಿಗಳು ಇನ್ನೂ ಎಚ್ಚರವಿರುವಾಗಲೇ ಹುಲಿಗೆಮ್ಮ ಏಳು ಜನ ವಿಜ್ಞಾನಿಗಳನ್ನೂ ರಜಾಕಸಾಬರನ್ನೂ ಇಳಿಸಿದಳು. ಹತ್ತು ಗಂಟೆಗೆ ಶಾಫ್ಟಿನ ಒಂದೊಂದು ಗುಂಡಿಯೂ ಆರಿತು. ಏಳು ಸಾವಿರ ಅಡಿ ಕತ್ತಲೆ ಮಾತು ನಿಲ್ಲಿಸಿತು. ಕಿವಿ ತೆರೆಯಿತು.

ಸಂಜೆ ನಾಲ್ಕಕ್ಕೆ ಗಂಟೆ ಮೂರು ಸಲ ಹೊಡೆಯಿತು.

ವೈಂಡರ್ ಮನೆಯಲ್ಲಿ ಹುಲಿಗೆಮ್ಮ ಮತ್ತು ಮೃಡಾನಿ ಇಬ್ಬರೇ. ಸ್ಟೂಲಿದ್ದ ಜಾಗದಲ್ಲಿ ಎಣ್ಣೆಯ ಒಂದು ದುಂಡು ಕಲೆ ಮಾತ್ರ ಇತ್ತು. ಹುಲಿಗೆಮ್ಮ ಮೂರು ಸಲ ಮರುಗಂಟೆ ಹೊಡೆದು ಲಿವರು ಎಳೆದಳು. ಡ್ರಮ್ಮು ನರಳಿ ತಿರುಗಿತು. ದನಿ ದಪ್ಪವಾಗಿತ್ತು, ಎಂಟು ಜೀವದ ಭಾರ. ಆರು ಸಾವಿರ. ಐದು. ನಾಲ್ಕು. ಮುಳ್ಳು ಸರಿಯುತ್ತಿತ್ತು. ಎರಡು ಸಾವಿರ ಅಡಿ ಉಳಿದಾಗ ದನಿ ತೆಳ್ಳಗಾಗತೊಡಗಿತು. ಅವಳ ಕೈ ತಾನಾಗಿಯೇ ಲಿವರನ್ನು ತುಸು ತಗ್ಗಿಸಿತು.

ಸಾವಿರದ ನೂರು ಅಡಿ ಉಳಿದಿತ್ತು. ಗಂಟೆ ಹೊಡೆಯಿತು.

ಒಂದೇ ಸಲ.

ಅವಳು ನಿಲ್ಲಿಸಿದಳು. ಡ್ರಮ್ಮು ನಿಂತಿತು. ಮುಂದಿನ ಗಂಟೆಗಾಗಿ ಕಾದಳು. ಬರಲಿಲ್ಲ.

"ಏನಾತು?" ಮೃಡಾನಿ ಹತ್ತಿರ ಬಂದಳು.

"ನಿಲ್ಲಸು ಅಂದ್ರು. ನಿಲ್ಲಿಸೀನಿ."

"ಯಾಕ?"

"ಗೊತ್ತಿಲ್ರಿ."

ಕಟ್ಟಳೆ ಸ್ಪಷ್ಟವಾಗಿತ್ತು: ನಿಲ್ಲಿಸು ಎಂದ ಮೇಲೆ ಕೇಜಿನಿಂದ ಹೊಸ ಗಂಟೆ ಬರುವವರೆಗೆ ಅಲುಗಾಡಿಸಬಾರದು. ಒಂದು ನಿಮಿಷ ಕಳೆಯಿತು. ಎರಡು. ಹುಲಿಗೆಮ್ಮ ತನ್ನ ಕಡೆಯಿಂದ ಒಂದು ಗಂಟೆ ಹೊಡೆದು ನೋಡಿದಳು. ತಂತಿ ಕೈಗೆ ಸಡಿಲವಾಗಿ, ಸತ್ತ ಹಾವಿನಂತೆ ಹತ್ತಿತು. ಎಲ್ಲೋ ಹರಿದಿದೆ. ಹರಿಯುವಾಗ ಬಡಿದ ಗಂಟೆಯೋ ಅದು, ಯಾರಾದರೂ ಬೇಕೆಂದೇ ಎಳೆದದ್ದೋ? ಕೇಜಿನಿಂದ ಯಾರಾದರೂ ಜೋತು ಬಿದ್ದಿದ್ದರೆ? ಬಾಗಿಲು ತೆರೆದುಕೊಂಡಿದ್ದರೆ? ಈಗ ಎತ್ತಿದರೆ ಗೋಡೆಗೂ ಕೇಜಿಗೂ ನಡುವೆ ಮನುಷ್ಯನ ತೋಳು.

"ಗುಂಡಿ ಹಚ್ಚತೀನಿ" ಎಂದಳು ಮೃಡಾನಿ. "ಹನ್ನೊಂದು ದಿನ ಹಾಳಾಗಲಿ. ಫೋನೂ ಬರತೈತಿ."

"ಎಷ್ಟೊತ್ತು ಬೇಕ್ರಿ?"

"ಎಲ್ಲಾ ಎಚ್ಚರಾಗಬೇಕಂದ್ರ ನಲವತ್ತು ನಿಮಿಷ."

"ಹಚ್ರಿ" ಎಂದಳು ಹುಲಿಗೆಮ್ಮ. ಮೃಡಾನಿ ಬಾಗಿಲಿಗೆ ಹೋದಳು. ಹುಲಿಗೆಮ್ಮನ ಕಣ್ಣು ಅಭ್ಯಾಸದಂತೆ ಸ್ಟೂಲಿನ ಕಡೆ ಹೊರಳಿತು. ದುಂಡು ಕಲೆ. ಅವಳು ತಲೆ ಮುಂದಕ್ಕೆ ತಿರುಗಿಸಿದಳು. ಎದುರಿಗೆ ಗೋಡೆಯ ಕಿಂಡಿಯಿಂದ ಹೊರಗೆ ಹಗ್ಗ ಬಿಸಿಲಿನಲ್ಲಿ ಓರೆಯಾಗಿ ಕಂಬದ ಗಾಲಿಯವರೆಗೆ ಬಿಗಿದು ನಿಂತಿತ್ತು.

ಹಗ್ಗ ಅಲುಗಿತು.

"ತಡೀರಿ ಮೇಡಂ."

ಮತ್ತೆ ಅಲುಗಿತು. ಮೇಲೆ ಕೆಳಗೆ, ಸಣ್ಣದಾಗಿ. ಆಮೇಲೆ ಇನ್ನೊಮ್ಮೆ. ನಿಂತಿತು.

"ಗಾಳಿ ಇರಬೇಕು" ಎಂದಳು ಮೃಡಾನಿ.

"ಗಾಳಿಗಿ ಅಡ್ಡ ತೂಗತೈತ್ರಿ. ಇದು ಜಗ್ಗಿತು."

ಮತ್ತೆ: ಒಂದು. ಎರಡು. ಮೂರು. ಬಿಡುವು.

ಎಂಟು ಜನ ಒಟ್ಟಿಗೆ ಕುಪ್ಪಳಿಸಿದರೆ ಹೀಗೆ ಜಗ್ಗುತ್ತದೆಯೇ? ಅಂಥದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ, ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಕೇಜು ತನ್ನಷ್ಟಕ್ಕೆ ತಾನೇ ಪುಟಿಯುತ್ತಿರಲೂಬಹುದು. ಇದು ಎತ್ತು ಎನ್ನುವ ಮೂರೋ, ಬರೀ ಮೂರೋ? ಹೌದು ಎನ್ನುವವರಿಲ್ಲ, ಅಲ್ಲ ಎನ್ನುವವರಿಲ್ಲ. ಈ ಮೌನದಲ್ಲಿ ಯಾರೂ ಇರಲಿಲ್ಲ.

ಹಾಗಾದರೆ ಕೇಳಬೇಕು, ಎನ್ನಿಸಿತು. ಹಗ್ಗದಲ್ಲಿ ಅವರು ಮಾತಾಡಬಹುದಾದರೆ ನಾನೂ ಮಾತಾಡಬಹುದು.

"ಮೇಡಂ, ಒಂದು ಕೇಳ್ರಿ. ಒಂದು ಗೇಣು ಎತ್ತಿ ನಿಲ್ಲಸತೀನಿ. ತಪ್ಪಾಗಿದ್ರ ಅವರು ಒಮ್ಮಿ ಜಿಗೀತಾರ, ನಿಲ್ಲಸು ಅಂತ. ಇಲ್ಲಾ ಬಾಯಿಬಾಯಿ ಬಡಕೊಂಡು ಹ್ಯಾಂಗರ ಜಿಗೀತಾರ. ಸರಿ ಇದ್ರ ಮತ್ತ ಮೂರು ಬರತೈತಿ."

"ಬರದಿದ್ರ?"

"ಕೈ ಮುಟ್ಟಾಂಗಿಲ್ಲ. ನೀವು ಗುಂಡಿ ಹಚ್ಚರಿ, ನಲವತ್ತು ನಿಮಿಷ ಕುಂಡ್ರತೀನಿ."

ಮೃಡಾನಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಆಮೇಲೆ, ಏನು ಹೊಳೆಯಿತೋ, ತನ್ನ ಮುಖವೂ ಕಾಣದಂತೆ ಹುಲಿಗೆಮ್ಮನ ಬೆನ್ನ ಹಿಂದಕ್ಕೆ ಸರಿದು ನಿಂತಳು.

ಹುಲಿಗೆಮ್ಮ ಬ್ರೇಕು ಸಡಿಲಿಸಿದಳು. ಲಿವರನ್ನು ಉಗುರಿನಷ್ಟು ಎಳೆದಳು. ಡ್ರಮ್ಮು ಒಂದು ಗೇಣು ಹೊರಳಿತು. ನಿಲ್ಲಿಸಿದಳು.

ಹಗ್ಗ ಪುಟಿದು ಪುಟಿದು ನಿಧಾನವಾಗಿ ನೆಲೆಗೊಂಡಿತು. ತಾನಾಗಿ ಪುಟಿಯುವುದು ಹೀಗಿರುತ್ತದೆ, ಕರಗುತ್ತಾ ಹೋಗುತ್ತದೆ ಎಂದು ಅವಳು ನೋಡಿಕೊಂಡಳು. ಪೂರ್ತಿ ನಿಂತ ಮೇಲೂ ಉಸಿರು ಹಿಡಿದು ಕಾದಳು.

ಒಂದು.

ಎರಡು.

ಮೂರು.

ಕರಗಲಿಲ್ಲ. ಮೂರೂ ಒಂದೇ ತೂಕ, ಒಂದೇ ಅಂತರ. ಇನ್ನೊಂದು ಗೇಣು ಎತ್ತಿದಳು. ಮತ್ತೆ ಮೂರು, ಈ ಸಲ ಬೇಗ ಬೇಗ, ಸಿಟ್ಟಿನಿಂದ ಕುಪ್ಪಳಿಸಿದಂತೆ.

"ಉಸ್ತಾದ್ರ ಕಾಲು ಅದು" ಎಂದಳು ಹುಲಿಗೆಮ್ಮ. ಲಿವರು ಎಳೆದಳು.

ನಡೆಯುವ ವೇಗಕ್ಕಿಂತ ಹೆಚ್ಚು ಕೊಡಲಿಲ್ಲ. ಕಣ್ಣು ಹಗ್ಗದ ಮೇಲೆ, ಕಿವಿ ಡ್ರಮ್ಮಿನ ಮೇಲೆ. ಒಂದೇ ಒಂದು ಜಿಗಿತ ಬಂದರೂ ನಿಲ್ಲಿಸಲು ಎಡಗೈ ಬ್ರೇಕಿನ ಮೇಲೆ. ಎಂಟು ನೂರು. ಐದು ನೂರು. ನಡುವೆ ಎರಡು ಸಲ ತಾನೇ ನಿಲ್ಲಿಸಿ ಕೇಳಿದಳು. ಎರಡು ಸಲವೂ ಮೂರು ಬಂತು. ನೂರು. ದನಿ ಈಗ ಸೂಜಿಯಂತೆ ತೆಳ್ಳಗಾಗಿತ್ತು. ಸುಣ್ಣದ ಗೆರೆ ಡ್ರಮ್ಮಿನ ಬೆನ್ನಿನಿಂದ ಎದ್ದು ಬಂತು. ಇಲ್ಲಿ ಒಂದು ಸಂಗತಿ ಅವಳಿಗೆ ಹೊಳೆಯಿತು: ಗೆರೆ ಬಳಿದದ್ದು ಖಾಲಿ ಕೇಜಿಗೆ. ಎಂಟು ಜನರ ಭಾರಕ್ಕೆ ಹಗ್ಗ ಜಗ್ಗಿರುತ್ತದೆ, ಗೆರೆಗೆ ನಿಲ್ಲಿಸಿದರೆ ಕೇಜು ಕೆಳಗುಳಿಯುತ್ತದೆ. ಗೆರೆ ಕಣ್ಣೆದುರಿಗೆ ಬಂತು. ಬಿಟ್ಟಳು. ದಾಟಿ ಎರಡು ಬೆರಳು ಹೋಯಿತು. ಬೆನ್ನ ಹಿಂದೆ ಮೃಡಾನಿ ಉಸಿರೆಳೆದುಕೊಂಡದ್ದು ಕೇಳಿಸಿತು. ಹುಲಿಗೆಮ್ಮ ತಿರುಗಿ ನೋಡಲಿಲ್ಲ. ಇನ್ನೊಂದು ಬೆರಳು.

ಬ್ರೇಕು ಹಾಕಿದಳು.

ಹೊರಗೆ ಯಂಕೋಬ ಗೇಟು ಸರಿಸಿದ ಸದ್ದಾಯಿತು. ಆಮೇಲೆ ಒಂದು ದನಿ, ಅಂಗಳದ ಆಚೆಯವರೆಗೂ ಕೇಳುವಂಥದು.

"ಗಂಟಿ ತಂತಿ ಅಂದ್ರ ಬಸ್ಸಿನಾಗ ಹಿಡಕೊಳ್ಳೂ ಸರಳೇನ್ರೀ ಅದು? ತಲಿ ಗಿರ್ರ್ ಅಂದ್ರ ಕುಂಡ್ರಬೇಕು, ಇಲ್ಲಾ ನನ್ನ ಹಿಡಕೋಬೇಕು! ಜಗ್ಗಿ ಹರದ ಕೈಯಾಗ ಕೊಟ್ಟೀರಲ್ಲ! ಈ ವಯಸ್ಸಿನ್ಯಾಗ ನನ್ನ ಕಪ್ಪಿ ಮಾಡಿ ಕುಣಸೀರಲ್ರೀ!"

ರಜಾಕಸಾಬರು ಕೇಜಿನಿಂದ ಹೊರಬರುತ್ತಿದ್ದರು. ಮುಖ ಬಿಳಿಚಿದ ಒಬ್ಬ ವಿಜ್ಞಾನಿಯನ್ನು ತೋಳಿನಲ್ಲಿ ಆತುಕೊಂಡು, ಕತ್ತು ಅವನ ಕಡೆಗೇ ತಿರುಗಿಸಿ ಬೈಯುತ್ತಾ, ಬೈಯುತ್ತಾ, ಕೇಜಿನ ತಳದಿಂದ, ಅದಕ್ಕೆ ಸರಿಸಮವಾಗಿದ್ದ ನೆಲಕ್ಕೆ ಹೆಜ್ಜೆಯಿಟ್ಟರು. ಕೆಳಗೆ ನೋಡಲಿಲ್ಲ. ಮನೆಯ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವವರಂತೆ ದಾಟಿಬಿಟ್ಟರು.